ಶಾಲೆಗೆ ಕಟ್ಟಡ ಹುಡುಕುವ ಬಗೆ



ಹೊಲವನ್ನು ಗುತ್ತಿಗೆಗೆ ಹಿಡಿಯುವವನು ಮೊದಲು ಏನು ಕೇಳುತ್ತಾನೆ? ಮಣ್ಣು ಎಂಥದು, ನೀರು ಉಂಟೇ, ಗಾಡಿಗೆ ದಾರಿ ಇದೆಯೇ, ಹಿಂದೆ ಯಾವ ಬೆಳೆ ಇತ್ತು, ಎಷ್ಟು ವರ್ಷದ ಮಾತು ಎಂದು ಕೇಳುತ್ತಾನೆ. ಹಣದ ಮಾತು ಕೊನೆಗೆ. ಆದರೆ ಮಕ್ಕಳ ಶಾಲೆಗೆ ಜಾಗ ಹುಡುಕುವಾಗ ಮಾತ್ರ ನಾವು "ಬಾಡಿಗೆ ಎಷ್ಟು?" ಎಂದೇ ಆರಂಭಿಸುತ್ತೇವೆ. ಈ ಕ್ರಮ ತಿರುಗಬೇಕು. ಏಕೆಂಬುದನ್ನು ಅಮೆರಿಕ ದೇಶದ ಒಂದು ಬಗೆಯ ಶಾಲೆಗಳ ಅನುಭವದಿಂದ ತಿಳಿಯೋಣ.

ಚಾರ್ಟರ್ ಶಾಲೆ ಎಂದರೇನು?

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ಸಾಮಾನ್ಯವಾಗಿ ಸ್ಥಳೀಯ ಶಾಲಾ ಮಂಡಳಿಗಳು ನಡೆಸುತ್ತವೆ. ಇವಲ್ಲದೆ, ಶಿಕ್ಷಕರೋ ತಂದೆತಾಯಿಗಳೋ ಕೂಡಿ ಕರಾರು ಪಡೆದು ನಡೆಸುವ ಶಾಲೆಗಳೂ ಉಂಟು. ಆ ಕರಾರಿಗೆ ಚಾರ್ಟರ್ ಎಂದು ಹೆಸರು. ಹಣ ಸರ್ಕಾರದ್ದು, ಮಕ್ಕಳಿಗೆ ಶುಲ್ಕವಿಲ್ಲ, ಕಲಿಸುವ ಕ್ರಮದಲ್ಲಿ ಹೆಚ್ಚು ಸ್ವಾತಂತ್ರ್ಯ. ಒಪ್ಪಿದಂತೆ ಕಲಿಸದಿದ್ದರೆ ಕರಾರು ರದ್ದಾಗಬಹುದು. ಇದಕ್ಕೆ ಮೊದಲ ಕಾನೂನು ಮಾಡಿದ್ದು ಮಿನ್ನೆಸೋಟ ರಾಜ್ಯ, 1991ರಲ್ಲಿ. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಸಿಟಿ ಅಕಾಡೆಮಿ ಎಂಬ ಮೊದಲ ಚಾರ್ಟರ್ ಶಾಲೆ ತೆರೆಯಿತು. ಓದು ಬಿಟ್ಟಿದ್ದ ಹುಡುಗ ಹುಡುಗಿಯರಿಗಾಗಿ ಹುಟ್ಟಿದ ಈ ಶಾಲೆ ಹೊಸ ಕಟ್ಟಡಕ್ಕಾಗಿ ಕಾಯದೆ, ನಗರದ ಒಂದು ಆಟೋಟದ ಕೇಂದ್ರದಲ್ಲಿ ಪಾಠ ಆರಂಭಿಸಿತು.

ಇಂಥ ಶಾಲೆಗಳ ದೊಡ್ಡ ಕಷ್ಟವೇ ಕಟ್ಟಡ. ಶಾಲಾ ಮಂಡಳಿಗೆ ತೆರಿಗೆಯ ಆಧಾರ ಉಂಟು. ಚಾರ್ಟರ್ ಶಾಲೆಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ಪಾಠಕ್ಕೆಂದು ಬಂದ ಹಣದಲ್ಲೇ ಎಷ್ಟೋ ಶಾಲೆಗಳು ಬಾಡಿಗೆ ತೆರುತ್ತವೆ. ಆದುದರಿಂದ ಚರ್ಚಿನ ಹಳೆಯ ಕಟ್ಟಡ, ಮುಚ್ಚಿದ ಅಂಗಡಿ, ಉಗ್ರಾಣ ಎಲ್ಲವನ್ನೂ ಹುಡುಕುತ್ತವೆ. ಕ್ಯಾಲಿಫೋರ್ನಿಯಾದ ಮತದಾರರು 2000ರಲ್ಲಿ 39ನೇ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟು, ಮಂಡಳಿಯ ಇತರ ಮಕ್ಕಳಿಗಿರುವಂಥ ಜಾಗವನ್ನೇ ಚಾರ್ಟರ್ ಶಾಲೆಯ ಮಕ್ಕಳಿಗೂ ಒದಗಿಸತಕ್ಕದ್ದೆಂದು ವಿಧಿಸಿದರು.

ಸಿಕ್ಕಿದ ಕಟ್ಟಡ ಏಕೆ ಸಾಲದು?

1958ರ ಡಿಸೆಂಬರ್ 1ರಂದು ಶಿಕಾಗೋ ನಗರದ ಒಂದು ಶಾಲೆಗೆ ಬೆಂಕಿ ಬಿತ್ತು. ಕೆಲವೇ ವಾರಗಳ ಹಿಂದೆ ತಪಾಸಣೆಯಲ್ಲಿ ಸರಿ ಎನಿಸಿಕೊಂಡಿದ್ದ ಕಟ್ಟಡ ಅದು. ಮರದ ಮೆಟ್ಟಿಲ ಬುಡದಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮಹಡಿಯ ದಾರಿಯನ್ನೇ ಮುಚ್ಚಿತು. 92 ಮಕ್ಕಳೂ 3 ಮಂದಿ ಸಂನ್ಯಾಸಿನಿಯರೂ ಸತ್ತರು. ನಮ್ಮ ನೆರೆಯ ತಮಿಳುನಾಡಿನ ಕುಂಭಕೋಣದಲ್ಲಿ 2004ರ ಜುಲೈ 16ರಂದು ಅಡಿಗೆಮನೆಯ ಕಿಡಿ ಹುಲ್ಲಿನ ಮಾಡಿಗೆ ತಗುಲಿ 94 ಮಕ್ಕಳು ಬೆಂದುಹೋದರು. ಎರಡು ಕಡೆಯೂ ಮಕ್ಕಳು ಬೆಳಿಗ್ಗೆ ಪುಸ್ತಕ ಹಿಡಿದು ಹೋದವರು.

ಕೇಳಬೇಕಾದ ಐದು ಪ್ರಶ್ನೆಗಳು

1. ಹೊರಗೆ ಬರಲು ದಾರಿ ಎಷ್ಟು? ಒಂದು ಬಾಗಿಲು ಸಾಲದು. ಎದುರು ಬದುರಾಗಿ ಎರಡಿರಬೇಕು, ಹೊರಕ್ಕೆ ತೆರೆಯಬೇಕು, ಪಾಠದ ವೇಳೆ ಬೀಗ ಕೂಡದು. ಅಡಿಗೆಯ ಒಲೆ ತರಗತಿಯಿಂದ ದೂರವಿರಲಿ.

2. ಹಿಂದೆ ಅಲ್ಲಿ ಏನಿತ್ತು? ಅಮೆರಿಕದ 1986ರ ಕಾನೂನಿನಂತೆ ಶಾಲೆಯ ಕಟ್ಟಡದಲ್ಲಿ ಕಲ್ನಾರು ಇದೆಯೇ ಎಂದು ಪರೀಕ್ಷಿಸಬೇಕು. ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಒಂದು ಹಳ್ಳಿಯವರು ಬೇಸಿಗೆಯ ಪಾಠಕ್ಕೆ ಒಂದು ಗೋದಾಮು ತೋರಿಸಿದರು. ಗಟ್ಟಿ ಗೋಡೆ, ಸಿಮೆಂಟಿನ ನೆಲ, ನಾನು ಒಪ್ಪಿಬಿಟ್ಟೆ. ಕಸ ಗುಡಿಸುತ್ತಿದ್ದ ಅಜ್ಜಿ, "ಇಲ್ಲಿ ಔಷಧಿ ಡಬ್ಬ ಇಡ್ತಿದ್ರು ಸ್ವಾಮಿ. ಕೋಳಿ ಒಳಕ್ಕೆ ಹೋದ್ರೆ ಉಳೀತಿರ್ಲಿಲ್ಲ" ಎಂದರು. ಕೀಟನಾಶಕದ ವಿಷಯ ಓದಿ ಬಂದ ನಾನೇ ಕೇಳಬೇಕಾಗಿದ್ದ ಪ್ರಶ್ನೆ ಅದು. ನೆಲ ಹೀರಿದ ವಿಷ ತೊಳೆದರೆ ಹೋಗದು. ಆ ಜಾಗವನ್ನು ಬಿಟ್ಟೆವು.

3. ನೀರು, ಗಾಳಿ, ಬೆಳಕು ಉಂಟೇ? ಕುಡಿಯುವ ನೀರು ಶುದ್ಧವಾಗಿರಬೇಕು. ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಬೇಕು. ಮಧ್ಯಾಹ್ನ ಒಳಗೆ ಕುಳಿತು ಪುಸ್ತಕ ಓದಿ ನೋಡಿರಿ. ನಿಮಗೆ ಕಾಣದಿದ್ದರೆ ಮಗುವಿಗೂ ಕಾಣದು.

4. ಕಾಲಿಲ್ಲದ ಮಗು ಒಳಗೆ ಬರಬಲ್ಲದೇ? ಅಮೆರಿಕ 1990ರಲ್ಲಿ ಅಂಗವಿಕಲರ ಹಕ್ಕಿಗೆ ಕಾನೂನು ಮಾಡಿತು. ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆಯೂ ಅಡೆತಡೆಯಿಲ್ಲದ ಪ್ರವೇಶ, ಪ್ರತ್ಯೇಕ ಶೌಚಾಲಯ, ಶುದ್ಧ ನೀರು, ಆಟದ ಬಯಲು, ಬೇಲಿ ಇರಬೇಕೆನ್ನುತ್ತದೆ.

5. ಎಷ್ಟು ವರ್ಷಕ್ಕೆ? ಒಂದು ವರ್ಷದ ಗುತ್ತಿಗೆಯ ಹೊಲದಲ್ಲಿ ಯಾರೂ ತೆಂಗು ನೆಡುವುದಿಲ್ಲ. ಚಾರ್ಟರ್ ಶಾಲೆಯವರು ಕರಾರು ಎಷ್ಟು ವರ್ಷವೋ ಬಾಡಿಗೆಯೂ ಅಷ್ಟು ವರ್ಷ ಸಿಗಲೆಂದು ನೋಡುತ್ತಾರೆ. ಉಗ್ರಾಣವನ್ನು ಶಾಲೆ ಮಾಡಲು ಅನುಮತಿ ಬೇಕೇ ಎಂಬುದನ್ನು ಮುಂಗಡ ಕೊಡುವ ಮೊದಲೇ ವಿಚಾರಿಸುತ್ತಾರೆ. ನಾವೂ ಬರವಣಿಗೆಯಲ್ಲಿ ಮಾತು ಪಡೆಯಬೇಕು.

ಈ ಐದಕ್ಕೂ ಉತ್ತರ ಸರಿಬಂದ ಮೇಲೆ ಬಾಡಿಗೆಯ ಮಾತಾಡಿರಿ. ನಿಮ್ಮ ಊರಲ್ಲಿ ಪಾಠ ಈಗಾಗಲೇ ಬಾಡಿಗೆ ಮನೆಯಲ್ಲೋ ಗುಡಿಯ ಪಡಸಾಲೆಯಲ್ಲೋ ನಡೆಯುತ್ತಿದ್ದರೆ, ಈ ವಾರವೇ ಉಪಾಧ್ಯಾಯರನ್ನು ಕೇಳಿ, ಒಂದು ದಿನ ಗಂಟೆ ಬಾರಿಸಿ ಮಕ್ಕಳೆಲ್ಲ ಹೊರಗೆ ಬರಲು ಎಷ್ಟು ಹೊತ್ತಾಯಿತೆಂದು ಎಣಿಸಿರಿ. ಬಾಗಿಲಲ್ಲಿ ನೂಕುನುಗ್ಗಲಾದರೆ, ಇನ್ನೊಂದು ಬಾಗಿಲು ತೆಗೆಯುವ ಕೆಲಸ ಊರಿನದು.