ಅಂತರ್ಜಾಲದ ದಟ್ಟಣೆಯ ವೇಳೆ

ರಾತ್ರಿ ಒಂಬತ್ತು ಗಂಟೆಯ ಸಮಯ. ಮನೆಯ ಹಿರಿಯರು ಅಂತರ್ಜಾಲದ ಮೂಲಕ ಬರುತ್ತಿರುವ ಚಲನಚಿತ್ರವೊಂದನ್ನು ನೋಡುತ್ತ ಕುಳಿತಿದ್ದಾರೆ. ಒಳಕೋಣೆಯಲ್ಲಿ ಮಗಳು ಮರುದಿನದ ಪರೀಕ್ಷೆಗಾಗಿ ಅಧ್ಯಾಪಕರೊಬ್ಬರ ಪಾಠವನ್ನು ಕೇಳುತ್ತಿದ್ದಾಳೆ. ಇದ್ದಕ್ಕಿದ್ದಂತೆ ಚಿತ್ರ ನಿಂತುಹೋಗುತ್ತದೆ. ಅಧ್ಯಾಪಕರ ಮಾತು ಅರ್ಧಕ್ಕೇ ತುಂಡಾಗುತ್ತದೆ. ಪರದೆಯ ಮಧ್ಯದಲ್ಲಿ ಚಕ್ರವೊಂದು ಸುತ್ತತೊಡಗುತ್ತದೆ. ಬೆಳಗಿನ ಜಾವ ಐದು ಗಂಟೆಗೆ ಎದ್ದು ಅದೇ ಪಾಠವನ್ನು ತೆರೆದರೆ ಎಲ್ಲಿಯೂ ತಡೆಯಿಲ್ಲದೆ ಓಡುತ್ತದೆ. ತಂತಿ ಅದೇ, ಯಂತ್ರ ಅದೇ, ತಿಂಗಳಿಗೆ ತೆರುವ ಹಣವೂ ಅದೇ. ಬದಲಾದುದು ಗಡಿಯಾರದ ಮುಳ್ಳು ಮಾತ್ರ. ಹಾಗಾದರೆ ಈ ವ್ಯತ್ಯಾಸಕ್ಕೆ ಕಾರಣವೇನು? ಅಂತರ್ಜಾಲವನ್ನು ಒದಗಿಸುವ ಸಂಸ್ಥೆಗಳು ಇದನ್ನು ಹೇಗೆ ನಿಭಾಯಿಸುತ್ತವೆ? ಈ ವಿಷಯವನ್ನು ಸ್ವಲ್ಪ ವಿಚಾರಮಾಡೋಣ.

ಕೂಡಿಡಲಾಗದ ವಸ್ತು

ಬ್ಯಾಂಡ್‌ವಿಡ್ತ್ ಎಂಬ ಮಾತು ಈಗ ಎಲ್ಲರ ಬಾಯಲ್ಲಿಯೂ ಇದೆ. ಒಂದು ಸೆಕೆಂಡಿನಲ್ಲಿ ಎಷ್ಟು ಬಿಟ್‌ಗಳನ್ನು ಸಾಗಿಸಬಹುದೆಂಬುದೇ ಅದರ ಅಳತೆ. ಹತ್ತು ಲಕ್ಷ ಬಿಟ್‌ಗಳಿಗೆ ಒಂದು ಮೆಗಾಬಿಟ್. ಸಾವಿರ ಮೆಗಾಬಿಟ್‌ಗಳಿಗೆ ಒಂದು ಜಿಗಾಬಿಟ್. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದೇನೆಂದರೆ, ಇದು ಒಂದು ಪದಾರ್ಥದ ಪರಿಮಾಣವಲ್ಲ, ಸಾಗಣೆಯ ವೇಗ. ತೊಟ್ಟಿಯಲ್ಲಿ ಈ ದಿನ ಉಳಿದ ನೀರು ನಾಳೆಗೆ ಬರುತ್ತದೆ. ಆದರೆ ಬೆಳಗಿನ ಜಾವ ಮೂರು ಗಂಟೆಗೆ ಬರಿದಾಗಿದ್ದ ತಂತಿಯ ಸಾಮರ್ಥ್ಯವನ್ನು ರಾತ್ರಿ ಒಂಬತ್ತಕ್ಕೆ ಎತ್ತಿಡುವುದು ಸಾಧ್ಯವಿಲ್ಲ. ಊರು ಬಿಟ್ಟು ಹೊರಟ ಬಸ್ಸಿನ ಖಾಲಿ ಆಸನದಂತೆ ಅದು ಆ ಕ್ಷಣಕ್ಕೇ ನಷ್ಟವಾಗುತ್ತದೆ.

ಇನ್ನೊಂದು ಅಂಶವೂ ಉಂಟು. ವಿದ್ಯುತ್ತನ್ನು ಹೆಚ್ಚು ಬಳಸಿದಷ್ಟೂ ಉಷ್ಣಸ್ಥಾವರದಲ್ಲಿ ಹೆಚ್ಚು ಕಲ್ಲಿದ್ದಲು ಸುಡಬೇಕು. ಅಂತರ್ಜಾಲದ ಯಂತ್ರಗಳಿಗಾದರೋ ತುಂಬಿ ಹರಿದರೂ ಬರಿದಾಗಿದ್ದರೂ ಖರ್ಚು ಹೆಚ್ಚುಕಡಮೆ ಒಂದೇ. ಹೀಗಿರುವಾಗ ಸಂಸ್ಥೆಯ ಖರ್ಚನ್ನು ನಿರ್ಧರಿಸುವುದು ಗ್ರಾಹಕರು ಒಟ್ಟು ಎಷ್ಟು ಬಳಸಿದರು ಎಂಬುದಕ್ಕಿಂತ, ಎಲ್ಲರೂ ಒಟ್ಟಿಗೆ ಬಳಸುವ ಗಂಟೆಯಲ್ಲಿ ಎಷ್ಟು ಅಗಲದ ದಾರಿ ಬೇಕು ಎಂಬುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನದೆಲ್ಲವೂ ಇದರಿಂದಲೇ ಹೊರಡುತ್ತದೆ.

ಹಂಚಿಕೆಯ ಲೆಕ್ಕ

ಇಂದು ಅನೇಕ ಮನೆಗಳಿಗೆ ಸಂಪರ್ಕ ಬರುವುದು ಗಾಜಿನ ತಂತುವಿನ ಮೂಲಕ. ಬಹುಮಟ್ಟಿಗೆ ಬಳಕೆಯಲ್ಲಿರುವ ಜಿಪಾನ್ ಎಂಬ ಏರ್ಪಾಡಿನಲ್ಲಿ ಕೇಂದ್ರದಿಂದ ಹೊರಟ ಒಂದು ತಂತು ಸೆಕೆಂಡಿಗೆ 2.488 ಜಿಗಾಬಿಟ್‌ಗಳನ್ನು ಹೊತ್ತು ತರುತ್ತದೆ. ದಾರಿಯಲ್ಲಿ ಅದರ ಬೆಳಕನ್ನು ಒಡೆದು, ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಮೂವತ್ತೆರಡು ಮನೆಗಳೂ ಒಂದೇ ಕ್ಷಣದಲ್ಲಿ ಪೂರ್ಣವಾಗಿ ಬಳಸಿದರೆ ತಲೆಗೆ ಬರುವುದು ಹೆಚ್ಚೆಂದರೆ 78 ಮೆಗಾಬಿಟ್. ಆದರೆ ಆ ಮನೆಗಳಿಗೆಲ್ಲ ನೂರು ಮೆಗಾಬಿಟ್ ವೇಗವನ್ನು ಮಾರಿರಬಹುದು. ಕೇಂದ್ರದಿಂದ ಮುಂದಕ್ಕೆ ಹೋದಂತೆ ಈ ಹಂಚಿಕೆ ಇನ್ನೂ ಬಿಗಿಯಾಗುತ್ತದೆ.

ಇದು ಮೋಸವಲ್ಲವೆ ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರ ಸಂಭವನೀಯತೆಯ ಗಣಿತದಲ್ಲಿದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪೆನಿಯಲ್ಲಿ ಕೆಲಸಮಾಡುತ್ತಿದ್ದ ಎರ್ಲಾಂಗ್ ಎಂಬ ಗಣಿತಜ್ಞನು 1909ರಲ್ಲಿ ಟೆಲಿಫೋನ್ ಕರೆಗಳ ಆಕಸ್ಮಿಕ ಆಗಮನವನ್ನು ಗಣಿತದ ನಿಯಮಕ್ಕೆ ಒಳಪಡಿಸಿದನು. 1917ರಲ್ಲಿ ಇಂತಿಷ್ಟು ಕರೆಗಳಿಗೆ ಎಷ್ಟು ತಂತಿಗಳು ಸಾಕೆಂಬುದಕ್ಕೆ ಸೂತ್ರವನ್ನು ಕೊಟ್ಟನು. ಅದೇ ವಿಚಾರಸರಣಿಯನ್ನು ನಮ್ಮ ಪ್ರಶ್ನೆಗೆ ಅನ್ವಯಿಸೋಣ.

ನೂರು ಮನೆಗಳಿವೆ; ಯಾವುದೇ ಕ್ಷಣದಲ್ಲಿ ಒಂದು ಮನೆ ತನ್ನ ಪೂರ್ಣ ವೇಗವನ್ನು ಬಳಸುತ್ತಿರುವ ಸಂಭವ ಹತ್ತರಲ್ಲಿ ಒಂದು ಎಂದಿಟ್ಟುಕೊಳ್ಳೋಣ. ಸರಾಸರಿ ಹತ್ತು ಮನೆಗಳು ಬಳಸುತ್ತಿರುತ್ತವೆ. ಕೆಲವು ವೇಳೆ ಹದಿಮೂರು, ಕೆಲವು ವೇಳೆ ಏಳು. ಇಪ್ಪತ್ತು ಮನೆಗಳಿಗಾಗುವಷ್ಟು ಸಾಮರ್ಥ್ಯವಿದ್ದರೆ, ಅದು ಸಾಲದೆ ಹೋಗುವ ಸಂಭವ ಸಾವಿರಕ್ಕೆ ಒಂದಕ್ಕಿಂತ ಹೆಚ್ಚಿಲ್ಲ. ಮನೆಗಳ ಸಂಖ್ಯೆ ಸಾವಿರವಾದರೆ ಇನ್ನೂರು ಮನೆಗಳಿಗಾಗುವಷ್ಟು ಬೇಕಿಲ್ಲ. 130ಕ್ಕೆ ಸಾಕಾಗುವಷ್ಟಿದ್ದರೆ ಅದೇ ಭರವಸೆ ದೊರೆಯುತ್ತದೆ. ಗುಂಪು ದೊಡ್ಡದಾದಷ್ಟೂ ಏರಿಳಿತಗಳು ಒಂದನ್ನೊಂದು ಸರಿದೂಗಿಸಿಕೊಳ್ಳುತ್ತವೆ. ಹೀಗೆ ಹಂಚಿಕೊಳ್ಳದೆ ಪ್ರತಿ ಮನೆಗೂ ಪೂರ್ಣ ಸಾಮರ್ಥ್ಯವನ್ನು ಮೀಸಲಿಟ್ಟರೆ ತಿಂಗಳ ಬಾಡಿಗೆಯನ್ನು ಸಾಮಾನ್ಯ ಕುಟುಂಬವು ತೆರಲಾರದು. ನಮ್ಮ ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ 2009ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಮನೆಯ ಬ್ರಾಡ್‌ಬ್ಯಾಂಡಿಗೆ ಒಂದು ಪಾಲನ್ನು ಐವತ್ತು ಮಂದಿ ಹಂಚಿಕೊಳ್ಳಬಹುದೆಂದು ಮಿತಿಯನ್ನು ಹೇಳಿತ್ತು.

ಆದರೆ ಈ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ. ಒಂದು ಮನೆಯ ಬಳಕೆಗೂ ಇನ್ನೊಂದು ಮನೆಯ ಬಳಕೆಗೂ ಸಂಬಂಧವಿರಬಾರದು. ರಾತ್ರಿ ಒಂಬತ್ತಕ್ಕೆ ಈ ಷರತ್ತು ಮುರಿದುಬೀಳುತ್ತದೆ. ಎಲ್ಲರೂ ಕೆಲಸ ಮುಗಿಸಿ, ಊಟದ ಹೊತ್ತಿನಲ್ಲಿ, ಒಟ್ಟಿಗೆ ಪರದೆಯ ಮುಂದೆ ಕೂಡುತ್ತಾರೆ. ಹತ್ತರಲ್ಲಿ ಒಂದಾಗಿದ್ದ ಸಂಭವ ನಾಲ್ಕರಲ್ಲಿ ಒಂದಾಯಿತೆನ್ನಿ. ಸಾವಿರ ಮನೆಗಳ ಪೈಕಿ 250 ಮನೆಗಳು ಏಕಕಾಲಕ್ಕೆ ಕೇಳುತ್ತವೆ, ಇರುವುದು 130ಕ್ಕೆ ಮಾತ್ರ. 2023ರ ನವೆಂಬರ್ 19ರಂದು ವಿಶ್ವಕಪ್ ಕ್ರಿಕೆಟ್ಟಿನ ಅಂತಿಮ ಪಂದ್ಯವನ್ನು ಒಂದೇ ಅಂತರ್ಜಾಲ ಸೇವೆಯಲ್ಲಿ ಏಕಕಾಲಕ್ಕೆ 5.9 ಕೋಟಿ ಜನ ನೋಡಿದರು. ಅಂಥ ಹೊತ್ತಿನಲ್ಲಿ ‘ಸರಾಸರಿ’ ಎಂಬ ಮಾತಿಗೆ ಅರ್ಥವಿಲ್ಲ.

ಕೊನೆಯ ಪಾಲಿನ ಭಾರ

ದಾರಿ ತುಂಬುತ್ತ ಬಂದಾಗ ಏನಾಗುತ್ತದೆ? ಅಂತರ್ಜಾಲದಲ್ಲಿ ಸಂದೇಶಗಳು ಪ್ಯಾಕೆಟ್ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಸಾಗುತ್ತವೆ. ದಾರಿ ಕೂಡುವೆಡೆಗಳಲ್ಲಿರುವ ರೂಟರ್ ಯಂತ್ರದ ಮುಂದೆ ಇವು ಸಾಲುಗಟ್ಟಿ ಕಾಯುತ್ತವೆ. ಅವು ಕ್ರಮವಿಲ್ಲದೆ ಬರುತ್ತವೆಯೆಂದು ಭಾವಿಸಿದರೆ ಸರಳವಾದ ಒಂದು ಸೂತ್ರ ದೊರೆಯುತ್ತದೆ. ದಾರಿ ಅರ್ಧ ತುಂಬಿದ್ದಾಗ ಪ್ಯಾಕೆಟ್ ದಾಟಲು ಬೇಕಾಗುವ ಕಾಲ, ಬರಿದಾದ ದಾರಿಯಲ್ಲಿ ಬೇಕಾಗುವುದರ ಎರಡರಷ್ಟು. ಶೇಕಡ 80 ತುಂಬಿದಾಗ ಐದರಷ್ಟು. 90 ತುಂಬಿದಾಗ ಹತ್ತರಷ್ಟು. 95 ತುಂಬಿದಾಗ ಇಪ್ಪತ್ತರಷ್ಟು. ಮೊದಲರ್ಧ ತುಂಬಿದಾಗ ಯಾರಿಗೂ ತೊಂದರೆ ಕಾಣಲಿಲ್ಲ. ಕೊನೆಯ ಚೂರು ಎಲ್ಲರನ್ನೂ ಹಿಡಿದು ನಿಲ್ಲಿಸಿತು. ದಟ್ಟಣೆಯ ಹೊತ್ತಿನಲ್ಲಿಯೂ ಸಂಪರ್ಕದ ಕೊಂಡಿಗಳು ಶೇಕಡ 80ಕ್ಕಿಂತ ಹೆಚ್ಚು ತುಂಬಬಾರದೆಂದು ಪ್ರಾಧಿಕಾರವು 2006ರ ನಿಯಮಗಳಲ್ಲಿ ವಿಧಿಸಿದುದು ಏತಕ್ಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದಾರಿ ಪೂರ್ಣ ತುಂಬಿದರೆ ಪರಿಣಾಮ ಇನ್ನೂ ವಿಚಿತ್ರ. 1986ರ ಅಕ್ಟೋಬರಿನಲ್ಲಿ, ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಸುಮಾರು 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೂ ನಡುವಣ ಸಾಗಣೆ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಕಳೆದುಹೋದ ಪ್ಯಾಕೆಟ್‌ಗಳನ್ನು ಯಂತ್ರಗಳು ಮತ್ತೆ ಮತ್ತೆ ಕಳುಹಿಸಿ ದಟ್ಟಣೆಯನ್ನು ತಾವೇ ಹೆಚ್ಚಿಸುತ್ತಿದ್ದವು. ಪ್ಯಾಕೆಟ್ ಕಳೆದುಹೋದರೆ ಕಳುಹಿಸುವ ಯಂತ್ರವು ತಾನಾಗಿ ವೇಗವನ್ನು ತಗ್ಗಿಸಿಕೊಂಡು, ಬಳಿಕ ಮೆಲ್ಲಮೆಲ್ಲನೆ ಏರಿಸಿಕೊಳ್ಳಬೇಕೆಂಬ ಉಪಾಯವನ್ನು ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ 1988ರಲ್ಲಿ ಪ್ರಕಟಿಸಿದನು. ನಮ್ಮ ಮನೆಯ ಸಂಪರ್ಕ ದಟ್ಟಣೆಯಲ್ಲಿ ಕಡಿದುಹೋಗದೆ ಬರಿಯ ನಿಧಾನವಾಗುವುದು ಬಹುಮಟ್ಟಿಗೆ ಆ ಉಪಾಯದ ಫಲ.

ಮೇಲಿನ ಸೂತ್ರದಲ್ಲಿ ಸಮಾಧಾನದ ಮಾತೂ ಒಂದಿದೆ. ಶೇಕಡ 95 ತುಂಬಿದ ದಾರಿಯನ್ನು 80ಕ್ಕೆ ಇಳಿಸಬೇಕಾದರೆ ಬಳಕೆಯ ಆರನೆಯ ಒಂದು ಪಾಲಿಗಿಂತ ಕಡಮೆಯಷ್ಟನ್ನು ಬೇರೆ ವೇಳೆಗೆ ಸಾಗಿಸಿದರೆ ಸಾಕು. ಆಗ ತಗಲುವ ಕಾಲ ಇಪ್ಪತ್ತರಷ್ಟಿದ್ದುದು ಐದರಷ್ಟಾಗುತ್ತದೆ. ಕೆಲವರು ಸ್ವಲ್ಪ ತಡೆದುಕೊಂಡರೆ ಎಲ್ಲರಿಗೂ ಬಹಳ ಲಾಭ.

ಗಡಿಯಾರವನ್ನು ನೋಡುವ ದರ, ನೋಡದ ಮಿತಿ

ಈ ತತ್ತ್ವ ಹೊಸದಲ್ಲ. ದೂರದೂರಿಗೆ ಮಾತನಾಡಲು ರಾತ್ರಿ ತಡವಾದ ಮೇಲೆ ಕಾಲುಭಾಗ ದರವಿದ್ದ ದಿನಗಳಲ್ಲಿ ಟೆಲಿಫೋನ್ ಬೂತುಗಳ ಮುಂದೆ ಜನ ಕಾಯುತ್ತಿದ್ದುದು ಅನೇಕರಿಗೆ ನೆನಪಿರಬಹುದು. 2005ರಲ್ಲಿ ಬಿಎಸ್‌ಎನ್‌ಎಲ್ ಸಂಸ್ಥೆಯ ಬ್ರಾಡ್‌ಬ್ಯಾಂಡ್ ಆರಂಭವಾದ ಬಳಿಕ ಅದರ ಕೆಲವು ಯೋಜನೆಗಳಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗಿನ ಬಳಕೆಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಗ ವಿದ್ಯಾರ್ಥಿಯಾಗಿದ್ದ ಈ ಲೇಖಕನಂಥವರು ಎರಡು ಗಂಟೆಗೆ ಗಡಿಯಾರದ ಗಂಟೆಯನ್ನಿಟ್ಟು ಎದ್ದು, ಪಾಠಗಳನ್ನು ಇಳಿಸಿಕೊಳ್ಳಲು ಯಂತ್ರಕ್ಕೆ ಹೇಳಿ, ಮತ್ತೆ ಮಲಗುತ್ತಿದ್ದರು. ಬರಿದೇ ಹೋಗುತ್ತಿದ್ದ ಸಾಮರ್ಥ್ಯ ಹೀಗೆ ಬಡ ವಿದ್ಯಾರ್ಥಿಗೂ ಒದಗಿತು. ಸಂಸ್ಥೆಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಕ್ರಮೇಣ ಇಂಥ ಯೋಜನೆಗಳು ವಿರಳವಾಗಿ, ‘ನ್ಯಾಯೋಚಿತ ಬಳಕೆ’ಯ ಮಿತಿ ಎಂಬುದು ಬಂದಿತು. ತಿಂಗಳಿಗೆ ಇಂತಿಷ್ಟು ಬಳಸಿದ ಮೇಲೆ ವೇಗವನ್ನು ಇಳಿಸುವುದು ಇದರ ಕ್ರಮ. ಈಗಿನ ಕೆಲವು ಯೋಜನೆಗಳಲ್ಲಿ ಈ ಮಿತಿ 3300 ಜಿಗಾಬೈಟ್. ನೂರು ಮೆಗಾಬಿಟ್ಟಿನ ಸಂಪರ್ಕವನ್ನು ಮೂವತ್ತು ದಿನ ಎಡೆಬಿಡದೆ ಬಳಸಿದರೆ 32,400 ಜಿಗಾಬೈಟ್ ಆಗುತ್ತದೆ. ಎಂದರೆ ಮಿತಿಯು ಅದರ ಹತ್ತನೆಯ ಒಂದು ಪಾಲು; ನಾವು ಮೇಲೆ ಊಹಿಸಿದ ‘ಹತ್ತರಲ್ಲಿ ಒಂದು’ ಇಲ್ಲಿ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿದೆ.

ಆದರೆ ಈ ಮಿತಿಗೆ ದೊಡ್ಡದೊಂದು ಕೊರತೆಯುಂಟು. ಅದು ಗಡಿಯಾರವನ್ನು ನೋಡುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಬರಿದಾದ ದಾರಿಯಲ್ಲಿ ಬಹಳ ಇಳಿಸಿಕೊಂಡವನು ಯಾರಿಗೂ ಅಡ್ಡಿಯಾಗಲಿಲ್ಲ. ಆದರೂ ಅವನ ವೇಗ ಇಳಿಯುತ್ತದೆ. ಪ್ರತಿದಿನ ಒಂಬತ್ತಕ್ಕೆ ಸರಿಯಾಗಿ ಒಂದು ಚಲನಚಿತ್ರ ನೋಡುವವನು ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಆದರೂ ದಟ್ಟಣೆಗೆ ತನ್ನ ಪಾಲನ್ನು ಸೇರಿಸಿದ್ದಾನೆ. ಖರ್ಚು ಹುಟ್ಟುವುದು ದಟ್ಟಣೆಯ ಗಂಟೆಯಲ್ಲಿ. ಅಳೆಯುವುದು ಮಾತ್ರ ಇಡೀ ತಿಂಗಳ ಮೊತ್ತವನ್ನು. ರಾತ್ರಿಯ ರಿಯಾಯಿತಿಯು ಈ ದೃಷ್ಟಿಯಿಂದ ಹೆಚ್ಚು ನ್ಯಾಯವಾದುದು. ಅಂತರ್ಜಾಲದಲ್ಲಿ ಬರುವ ವಸ್ತು ಯಾವುದೆಂದು ನೋಡಿ ಬೇರೆ ಬೇರೆ ದರ ವಿಧಿಸುವುದನ್ನು ಪ್ರಾಧಿಕಾರವು 2016ರಲ್ಲಿ ನಿಷೇಧಿಸಿತು. ವೇಳೆಯನ್ನು ನೋಡಿ ದರವನ್ನು ಗೊತ್ತುಮಾಡುವುದು ಅದಕ್ಕಿಂತ ಬೇರೆಯಾದ ವಿಚಾರ. ಇಲ್ಲಿ ವಸ್ತುವಿಗೂ ವಸ್ತುವಿಗೂ ಭೇದವಿಲ್ಲ.

ಯಂತ್ರ ಎಚ್ಚರವಿರಲಿ

ವೇಳೆಯ ಬದಲಾವಣೆಯಲ್ಲಿ ಒಂದು ಅಪಾಯವನ್ನು ಮರೆಯಬಾರದು. ವಿದ್ಯುತ್ತಿನ ದಟ್ಟಣೆಯನ್ನು ತಗ್ಗಿಸಲು ರೈತರ ಪಂಪ್‌ಸೆಟ್ಟುಗಳಿಗೆ ರಾತ್ರಿಯ ಪಾಳಿಯಲ್ಲಿ ಕರೆಂಟು ಕೊಟ್ಟಾಗ, ನಿದ್ದೆಗೆಟ್ಟು ಕತ್ತಲಲ್ಲಿ ಗದ್ದೆಗೆ ಹೋಗಬೇಕಾದವನು ಮನುಷ್ಯ. ಲೆಕ್ಕಕ್ಕೆ ಅನುಕೂಲವಾದುದು ಬಾಳಿಗೆ ಕಷ್ಟವಾಗಬಹುದು. ಅಂತರ್ಜಾಲದಲ್ಲಾದರೋ ಈ ಕಷ್ಟ ಅಗತ್ಯವಿಲ್ಲ, ಏಕೆಂದರೆ ಕಾಯಬಲ್ಲ ಕೆಲಸಗಳಲ್ಲಿ ಹೆಚ್ಚಿನವನ್ನು ಯಂತ್ರವೇ ಮಾಡಬಲ್ಲುದು.

ದೊಡ್ಡ ಸಂಸ್ಥೆಗಳು ಇದನ್ನು ಆಗಲೇ ಮಾಡುತ್ತಿವೆ. ನೆಟ್‌ಫ್ಲಿಕ್ಸ್ ಸಂಸ್ಥೆಯು ತನ್ನ ಚಿತ್ರಗಳ ಪ್ರತಿಗಳುಳ್ಳ ಪೆಟ್ಟಿಗೆಗಳನ್ನು ಸೇವಾ ಸಂಸ್ಥೆಗಳ ಕೇಂದ್ರಗಳಲ್ಲಿಯೇ ಇರಿಸಿ, ಬಿಡುವಿನ ವೇಳೆಯಲ್ಲಿ ಅವನ್ನು ತುಂಬುತ್ತದೆ. ಸಂಜೆ ನಾವು ನೋಡುವ ಚಿತ್ರ ಸಮುದ್ರವನ್ನು ದಾಟಿ ಬರುವ ಬದಲು ಹತ್ತಿರದ ಊರಿನಿಂದಲೇ ಬರಬಹುದು. ಆದರೆ ಕೇಂದ್ರದಿಂದ ಮನೆಯವರೆಗಿನ ದಾರಿಯ ದಟ್ಟಣೆ ಇದರಿಂದ ಕಡಮೆಯಾಗುವುದಿಲ್ಲ. ಅದಕ್ಕೆ ನಾವೇ ಮನಸ್ಸು ಮಾಡಬೇಕು. 2020ರ ಮಾರ್ಚಿಯಲ್ಲಿ ಜನರೆಲ್ಲರೂ ಮನೆಯಲ್ಲಿ ಉಳಿಯಬೇಕಾಗಿ ಬಂದಾಗ, ಯೂರೋಪಿನಲ್ಲಿಯೂ ಭಾರತದಲ್ಲಿಯೂ ಚಲನಚಿತ್ರ ಸೇವೆಗಳು ಚಿತ್ರದ ಸ್ಪಷ್ಟತೆಯನ್ನು ಕೆಲಕಾಲ ತಗ್ಗಿಸಿದುದುಂಟು. ಸ್ಪಷ್ಟತೆಯನ್ನು ಒಂದು ಮೆಟ್ಟಿಲು ಇಳಿಸಿದರೆ ಕಣ್ಣಿಗೆ ಆಗುವ ನಷ್ಟ ಅಲ್ಪ, ದಾರಿಗೆ ಆಗುವ ಲಾಭ ಹೆಚ್ಚು.

ಮನೆಯಲ್ಲಿ ಮಾಡಬೇಕಾದುದು ಇಷ್ಟೇ. ಕೆಲಸಗಳನ್ನು ಎರಡಾಗಿ ವಿಂಗಡಿಸಿಕೊಳ್ಳಬೇಕು. ಮಾತುಕತೆ, ನೇರ ಪಾಠ, ವೈದ್ಯರ ಸಲಹೆ ಇವು ಕಾಯಲಾರವು. ಫೋನು ಮತ್ತು ಕಂಪ್ಯೂಟರಿನ ತಂತ್ರಾಂಶದ ನವೀಕರಣ, ಭಾವಚಿತ್ರಗಳ ಪ್ರತಿಯನ್ನು ಕಾಯ್ದಿಡುವುದು, ದೊಡ್ಡ ಕಡತಗಳನ್ನು ಇಳಿಸಿಕೊಳ್ಳುವುದು ಇವು ಕಾಯಬಲ್ಲವು. ರಾತ್ರಿಯ ವೇಳೆಗೆ ಇವನ್ನು ಗೊತ್ತುಪಡಿಸುವ ಸೌಕರ್ಯ ಬಹಳಷ್ಟು ಯಂತ್ರಗಳಲ್ಲಿದೆ. ಸೇವಾ ಸಂಸ್ಥೆಗಳೂ ಬೆಳಗಿನ ಜಾವದ ಬಳಕೆಯನ್ನು ತಿಂಗಳ ಮಿತಿಯಿಂದ ಹೊರಗಿಟ್ಟರೆ ಇಂಥ ಅಭ್ಯಾಸಕ್ಕೆ ಪ್ರೋತ್ಸಾಹ ದೊರೆಯುತ್ತದೆ. ದಾರಿಯನ್ನು ಅಗಲಮಾಡುವ ಹೊಣೆ ಸಂಸ್ಥೆಯದು. ದಟ್ಟಣೆಯನ್ನು ನೆಪಮಾಡಿಕೊಂಡು ಅದರಿಂದ ನುಣುಚಿಕೊಳ್ಳಲು ಅದಕ್ಕೆ ಅವಕಾಶವಿರಬಾರದು. ಆದರೆ ಎಷ್ಟೇ ಅಗಲವಾದ ದಾರಿಯಲ್ಲಿಯೂ ಎಲ್ಲರೂ ಒಟ್ಟಿಗೆ ಹೊರಡುವ ಗಂಟೆಯೊಂದು ಇದ್ದೇ ಇರುತ್ತದೆ. ಆ ಗಂಟೆಯಲ್ಲಿ ಕಾಯಬಲ್ಲ ಕೆಲಸ ಪಕ್ಕಕ್ಕೆ ಸರಿದು ನಿಂತರೆ, ಒಳಕೋಣೆಯ ಹುಡುಗಿಯ ಪಾಠ ಅರ್ಧಕ್ಕೆ ನಿಲ್ಲಬೇಕಾಗಿಲ್ಲ.