ಹಂದಿಯ ಒಳಗಿನ ಕಾವಲು, ನಮ್ಮ ಹೊರಗಿನ ಕಾವಲು



ನಮ್ಮಲ್ಲಿ ಹಲವರು ಸಂಘದ ಸಾಲ ಪಡೆದು ಹಂದಿ ಸಾಕುತ್ತೇವೆ. ಮಕ್ಕಳ ಫೀಸು, ಸಾಲದ ಕಂತು ಆ ಮರಿಗಳ ಮೇಲೆಯೇ ನಿಂತಿದೆ. ಇಂಥ ಗೂಡನ್ನು ಕೆಲವೇ ದಿನಗಳಲ್ಲಿ ಖಾಲಿ ಮಾಡುವ ರೋಗ ಆಫ್ರಿಕನ್ ಹಂದಿ ಜ್ವರ. ನಮ್ಮ ದೇಶದಲ್ಲಿ ಇದು ಮೊದಲು ಕಂಡದ್ದು 2020ರಲ್ಲಿ, ಅಸ್ಸಾಂ ಮತ್ತು ಅರುಣಾಚಲದಲ್ಲಿ. 2022ರಲ್ಲಿ ಕೊಡಗಿಗೆ ತಾಗಿಕೊಂಡಿರುವ ಕೇರಳದ ವಯನಾಡಿಗೂ ಬಂತು.

ಮೈಯೊಳಗೆ ಏನಾಗುತ್ತದೆ?

ಹಂದಿಯ ದೇಹಕ್ಕೆ ಹುಟ್ಟಿನಿಂದಲೇ ಬಂದ ರಕ್ಷಣೆಯಿದೆ. ಕೆಲವು ಜೀವಕೋಶಗಳು ರೋಗಾಣುವನ್ನು ನುಂಗಿ ಅರಗಿಸುತ್ತವೆ. ಇವೇ ಕಾವಲುಗಾರರು. ವೈರಸ್ ಹೊಕ್ಕ ಜೀವಕೋಶವು ‘ಇಂಟರ್‌ಫೆರಾನ್’ ಎಂಬ ವಸ್ತುವನ್ನು ಹೊರಬಿಟ್ಟು ಅಕ್ಕಪಕ್ಕದವನ್ನು ಎಚ್ಚರಿಸುತ್ತದೆ. ಒಂದು ಮನೆಯವರು ‘ಕಳ್ಳ’ ಎಂದು ಕೂಗಿದರೆ ಕೇರಿಯೇ ಬಾಗಿಲು ಹಾಕಿಕೊಂಡ ಹಾಗೆ.

ಈ ವೈರಸ್ ನುಂಗುವ ಕಾವಲುಗಾರನ ಒಳಗೇ ಸೇರಿ ಹೆಚ್ಚುತ್ತದೆ. ಎಚ್ಚರಿಕೆಯ ಕೂಗು ಏಳದಂತೆ ಅಡಗಿಸುವ ಪ್ರೋಟೀನುಗಳೂ ಅದರಲ್ಲಿವೆ. ಮೈಯೆಲ್ಲ ಹಬ್ಬಿದ ಮೇಲೆ ದೇಹ ಹದ ಮೀರಿ ಕಾದಾಡುತ್ತದೆ, ರಕ್ತನಾಳಗಳು ಹಾಳಾಗುತ್ತವೆ. ಆಗ ವಿಪರೀತ ಜ್ವರ, ತಿನ್ನದಿರುವುದು, ಕಿವಿ ಹೊಟ್ಟೆ ಕೆಂಪಾಗಿ ನೀಲಿಗಟ್ಟುವುದು, ಕೊನೆಗೆ ಸಾವು.

ಇದಕ್ಕೆ ಔಷಧಿ ಇಲ್ಲ. ಸಾಮಾನ್ಯ ಹಂದಿ ಜ್ವರದ ಲಸಿಕೆ ಹಾಕಿಸಲೇಬೇಕು, ಆದರೆ ಅದು ಬೇರೆ ವೈರಸ್ಸಿಗೆ, ಇದನ್ನು ತಡೆಯುವುದಿಲ್ಲ. ಒಳಗಿನ ಕಾವಲು ಸೋಲುವುದರಿಂದ ಹೊರಗಿನ ಕಾವಲು ನಮ್ಮದೇ.

ನಾವು ಮಾಡಬೇಕಾದ್ದು

1. ಹಂದಿ ಮಾಂಸ ಸೇರಿದ ಮುಸುರೆ ಬೇಡವೇ ಬೇಡ. ಫ್ರೀಜರಿನಲ್ಲಿಟ್ಟ ಮಾಂಸದಲ್ಲೂ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ. ಬೇರೆ ಮುಸುರೆಯನ್ನೂ ಚೆನ್ನಾಗಿ ಕುದಿಸಿ, ಆರಿಸಿ ಕೊಡೋಣ.
2. ಹೊಸದಾಗಿ ತಂದ ಹಂದಿಯನ್ನು ಒಂದು ತಿಂಗಳು ಬೇರೆ ಕಟ್ಟೋಣ.
3. ಗೂಡಿಗೆಂದೇ ಒಂದು ಜೊತೆ ಚಪ್ಪಲಿ ಇರಲಿ. ವ್ಯಾಪಾರಿಗಳನ್ನು ಒಳಗೆ ಬಿಡಬಾರದು.
4. ಹಂದಿ ಜ್ವರ ಬಂದು ಮಲಗಿದರೆ, ಸತ್ತರೆ ಕೂಡಲೇ ಪಶುವೈದ್ಯರಿಗೆ ತಿಳಿಸೋಣ. ಸತ್ತದ್ದನ್ನು ತೋಡಿಗೆ ಎಸೆಯಬಾರದು.

ಈ ರೋಗ ಮನುಷ್ಯರಿಗೆ ತಗಲುವುದಿಲ್ಲ. ಆದರೆ ‘ನಷ್ಟವಾಗುವ ಮೊದಲು ಮಾರಿಬಿಡುವಾ’ ಎಂದು ಕಾಯಿಲೆ ಹಂದಿಯನ್ನು ಸಾಗಿಸಿದರೆ ಇನ್ನೊಬ್ಬ ಅಕ್ಕನ ಗೂಡು ಖಾಲಿಯಾಗುತ್ತದೆ. ರೋಗ ಹರಡದಂತೆ ಇಲಾಖೆಯವರು ಕೊಲ್ಲಿಸುವ ಹಂದಿಗಳಿಗೆ ಸರಕಾರದ ಪರಿಹಾರ ಇದೆ. ಮುಚ್ಚಿಟ್ಟರೆ ವೈರಸ್ಸಿಗೇ ಲಾಭ. ಕೂಗು ಅಡಗಿದಲ್ಲೇ ಅದು ಬೆಳೆಯುವುದು.

ಸಭೆಯಲ್ಲಿ ಚರ್ಚಿಸೋಣ

* ನಮ್ಮ ಹಂದಿಗಳಿಗೆ ಮುಸುರೆ ಎಲ್ಲಿಂದ ಬರುತ್ತದೆ? ಅದರಲ್ಲಿ ಏನೇನಿರುತ್ತದೆ?
* ಒಬ್ಬ ಸದಸ್ಯೆಯ ಹಂದಿಗಳು ಸತ್ತರೆ ಅವಳ ಕಂತಿಗೆ ಸಂಘ ಏನು ಮಾಡಬಹುದು?