ಹಾಕಿ ಹರಿಯಲೆಂದೇ ಹೆಣೆದದ್ದು

ನಾನು ಬೆಳೆದ ಸಾಗರದ ಕಡೆ, ಎಂಬತ್ತರ ದಶಕದಲ್ಲಿ, ಉಲ್ಲನ್ ಕೆಲಸ ಎಂದರೆ ಹೆಚ್ಚಾಗಿ ನೋಡುವುದಕ್ಕೇ ಇದ್ದದ್ದು. ಬಾಗಿಲಿಗೆ ಉಲ್ಲನ್ ತೋರಣ, ದೇವರ ಪಟಕ್ಕೆ ಉಲ್ಲನ್ ಹಾರ, ಟಿ.ವಿ.ಗೆ ಕ್ರೋಶಾ ಹೊದಿಕೆ, ಆ ಹೊದಿಕೆಗೆ ಧೂಳು ಕೂರದಿರಲಿ ಅಂತ ಮೇಲೊಂದು ಪ್ಲಾಸ್ಟಿಕ್ ಹಾಳೆ. ಹೆಣ್ಣು ನೋಡಲು ಬಂದವರಿಗೆ ಷೋಕೇಸಿನ ಕಡೆ ಕೈ ತೋರಿಸಿ ‘ನಮ್ಮ ಹುಡುಗಿಗೆ ಕಸೂತಿ, ಉಲ್ಲನ್ ಎಲ್ಲಾ ಬರುತ್ತೆ’ ಎನ್ನುವುದೂ ಇತ್ತು. ಮೈಮೇಲೆ ಹಾಕುವಂಥದ್ದು ಎಂದರೆ ಹುಟ್ಟಿದ ಮಗುವಿಗೆ ಕುಲಾವಿ, ಮನೆಯ ಗಂಡಸರಿಗೆ ತೋಳಿಲ್ಲದ ಸ್ವೆಟರ್. ಸ್ವೆಟರಾದರೂ ಮದುವೆ ಮುಂಜಿಗೆ ಹೊರಟಾಗ ಮಾತ್ರ, ನುಸಿಗುಳಿಗೆಯ ವಾಸನೆ ಹೊತ್ತು ಬೀರುವಿನಿಂದ ಹೊರಗೆ ಬರುತ್ತಿತ್ತು.

ಅಮ್ಮನಿಂದ ಕಲಿತ ಈ ವಿದ್ಯೆಯನ್ನು ನಾನು ಜರ್ಮನಿಗೆ ಹೊತ್ತು ತಂದೆ. ಇಲ್ಲಿ ಅದರ ಉದ್ದೇಶವೇ ಬೇರೆಯಾಯಿತು. ಇಲ್ಲಿನವರು ಕೈಯಿಂದ ಹೆಣೆಯುವ ವಸ್ತುಗಳಲ್ಲಿ ಮೊದಲ ಸ್ಥಾನ ಕಾಲುಚೀಲಕ್ಕೆ. ಷೂ ಒಳಗೆ ಅವಿತು ಕೂರುವ, ಯಾರಿಗೂ ಕಾಣದ, ಎರಡು ಮೂರು ಚಳಿಗಾಲ ತಿಕ್ಕಿಸಿಕೊಂಡು ಹಿಮ್ಮಡಿಯಲ್ಲಿ ತೂತು ಬೀಳುವ ಕಾಲುಚೀಲ. ‘ಕಾಲಿಗೆ ಹಾಕೋದಕ್ಕೆ ಇಷ್ಟೊಂದು ಸಂಭ್ರಮ ಯಾಕೇ? ಎದುರಿಗೆ ಕಾಣೋ ಹಾಗೆ ಏನಾದ್ರೂ ಮಾಡಬಾರದಾ?’ ಎಂದು ಅಮ್ಮ ಫೋನಿನಲ್ಲಿ ನಕ್ಕಿದ್ದಳು. ಈಗ ನನ್ನ ಅಭಿಪ್ರಾಯ ಅದಕ್ಕೆ ಪೂರ್ತಿ ವಿರುದ್ಧ. ಹೆಣಿಗೆಯ ಸುಖ ಕಾಲುಚೀಲದಲ್ಲಿ ಇದ್ದಷ್ಟು ಬೇರೆ ಯಾವುದರಲ್ಲೂ ಇಲ್ಲ.

ನಾನಿರುವ ಊರು ರಾಯ್ಟ್ಲಿಂಗನ್. ಸ್ಟುಟ್‌ಗಾರ್ಟಿನ ದಕ್ಷಿಣಕ್ಕೆ, ಶ್ವೇಬಿಷ್ ಆಲ್ಬ್ ಎಂಬ ಸುಣ್ಣಕಲ್ಲಿನ ಬೆಟ್ಟಸಾಲಿನ ಬುಡದಲ್ಲಿದೆ. ನಮ್ಮ ಕಿಟೆಲ್ ಸಾಹೇಬರು ನಿಘಂಟು ಮುಗಿಸಿ ಬಂದು 1903ರಲ್ಲಿ ಕಣ್ಣು ಮುಚ್ಚಿದ ಟ್ಯೂಬಿಂಗನ್ ಪಕ್ಕದ ಊರೇ. ತಮಾಷೆ ಏನೆಂದರೆ, ಕೈಹೆಣಿಗೆಯ ಹೊಟ್ಟೆಯ ಮೇಲೆ ಹೊಡೆದ ಯಂತ್ರಗಳ ತವರುಗಳಲ್ಲಿ ಈ ಸೀಮೆಯೂ ಒಂದು. ಹೈನ್ರಿಶ್ ಷ್ಟೋಲ್ 1873ರಲ್ಲಿ ಶುರು ಮಾಡಿದ ಹೆಣಿಗೆ ಯಂತ್ರದ ಕಾರ್ಖಾನೆ ಬೆಳೆದದ್ದು ರಾಯ್ಟ್ಲಿಂಗನ್ನಿನಲ್ಲಿ. ಬೆಟ್ಟ ಹತ್ತಿದರೆ ಆಲ್ಬ್‌ಷ್ಟಾಟ್. ಒಂದು ಕಾಲಕ್ಕೆ ಬನಿಯನ್ನು ಒಳ ಉಡುಪುಗಳ ಊರಾಗಿದ್ದ ಅಲ್ಲಿ ಈಗ ಹೆಣಿಗೆ ಉದ್ಯಮದ್ದೇ ಒಂದು ಮ್ಯೂಸಿಯಂ ಇದೆ. ಯಂತ್ರ ಇಷ್ಟು ಹತ್ತಿರ ಇದ್ದರೂ ಇಲ್ಲಿನ ಅಜ್ಜಿಯರು ಕಡ್ಡಿ ಕೆಳಗಿಡಲಿಲ್ಲ. ಯಂತ್ರ ಹೊಟ್ಟೆಪಾಡು, ಕಡ್ಡಿ ಮನೆಯ ಮಾತು ಅಂತ ಇಟ್ಟುಕೊಂಡರೋ ಏನೋ.

ಉಲ್ಲನ್ ಅಂಗಡಿಯಲ್ಲಿ ಸಂಜೆ ಒಂದು ಮೇಜಿನ ಸುತ್ತ ನಾಲ್ಕಾರು ಹೆಂಗಸರು ಕೂತಿರುತ್ತಾರೆ. ಮೊದಲ ದಿನ ಅವರೆಲ್ಲ ನನ್ನ ಕೈಯನ್ನೇ ನೋಡಿದರು. ನಾನು ಹೆಣೆಯುವುದು ಅಮ್ಮನ ರೀತಿ: ನೂಲು ಬಲಗೈಯಲ್ಲಿ, ಪ್ರತಿ ಕುಣಿಕೆಗೂ ಅದನ್ನೆತ್ತಿ ಕಡ್ಡಿಗೆ ಸುತ್ತುವುದು. ಇಂಗ್ಲಿಷರ ಪದ್ಧತಿ ಇದು. ಕಾನ್ವೆಂಟುಗಳ ಮೂಲಕ ನಮ್ಮ ಮನೆಗಳಿಗೆ ಇಳಿದಿರಬೇಕು. ಜರ್ಮನರದು ಎಡಗೈ. ನೂಲನ್ನು ಎಡ ತೋರುಬೆರಳಿಗೆ ಸುತ್ತಿ ಬಿಗಿಯಾಗಿ ಹಿಡಿದು, ಬಲಗಡ್ಡಿಯ ಮೊನೆಯಿಂದ ಅದನ್ನು ಕೊಕ್ಕಿನಲ್ಲಿ ಎತ್ತಿದ ಹಾಗೆ ಎತ್ತಿಕೊಳ್ಳುತ್ತಾರೆ. ಬಲಗೈ ಹೆಚ್ಚು ಅಲ್ಲಾಡುವುದೇ ಇಲ್ಲ, ವೇಗ ಮಾತ್ರ ನನ್ನ ಎರಡರಷ್ಟು. ‘ಪಾಪ, ಎಷ್ಟು ದೂರ ಓಡಾಡಿಸುತ್ತೀರಿ ಆ ಕೈಯನ್ನು’ ಎಂದರು ಒಬ್ಬ ಹಿರಿಯರು. ನಾನು ಅವರದನ್ನು ಕಲಿತೆ, ಆದರೆ ಅಮ್ಮನದನ್ನು ಬಿಡಲಿಲ್ಲ. ಅದರ ಲಾಭ ತಿಳಿದದ್ದು ಎರಡು ಬಣ್ಣದ ಟೋಪಿ ಹೆಣೆಯುವಾಗ. ಕೆಂಪು ನೂಲು ಬಲಗೈಗೆ, ಬಿಳಿ ನೂಲು ಎಡಗೈಗೆ. ಒಂದನ್ನು ಅಮ್ಮನ ಹಾಗೆ ಸುತ್ತಿ, ಇನ್ನೊಂದನ್ನು ಇವರ ಹಾಗೆ ಎತ್ತಿ ಹೆಣೆದರೆ ಎಳೆಗಳು ಒಂದಕ್ಕೊಂದು ಸಿಕ್ಕಾಗದೆ ಚಿತ್ತಾರ ಮೂಡುತ್ತದೆ. ಎಡಗೈ ಒಂದನ್ನೇ ಬಲ್ಲ ಆ ಹಿರಿಯರು ಈಗ ಬಲಗೈಯದನ್ನು ನನ್ನಿಂದ ಕಲಿಯುತ್ತಿದ್ದಾರೆ.

ಕಾಲುಚೀಲಕ್ಕೆ ಬೇಕಾದದ್ದು ಅಷ್ಟೇ: ನೂರು ಗ್ರಾಂ ನೂಲು, ಎರಡೂವರೆ ಮಿಲಿಮೀಟರಿನ ಐದು ಗಿಡ್ಡ ಕಡ್ಡಿಗಳು. ಇಲ್ಲಿನ ಕಾಲುಚೀಲದ ನೂಲು ಸಾಮಾನ್ಯವಾಗಿ ನಾಲ್ಕೆಳೆಯದು. ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್. ಉಣ್ಣೆ ಬೆಚ್ಚಗಿಡುತ್ತದೆ, ನೈಲಾನ್ ಸವೆತ ತಡೆಯುತ್ತದೆ. ನೂರು ಗ್ರಾಮಿನ ಉಂಡೆಯಲ್ಲಿ ಸುಮಾರು 420 ಮೀಟರ್ ನೂಲಿರುತ್ತದೆ, ದೊಡ್ಡವರ ಒಂದು ಜೊತೆಗೆ ಸಾಕು. ರೆಗಿಯಾ, ಓಪಲ್ ಮುಂತಾದ ಹೆಸರುಗಳು ಇಲ್ಲಿ ಮನೆಮಾತು. ಕೆಲವು ಉಂಡೆಗಳ ಬಣ್ಣದ ಲೆಕ್ಕಾಚಾರ ಎಷ್ಟು ಚೆನ್ನಾಗಿದೆ ಎಂದರೆ, ಒಂದೇ ನೂಲನ್ನು ಸುಮ್ಮನೆ ಸುತ್ತು ಹೆಣೆಯುತ್ತಾ ಹೋದರೆ ಪಟ್ಟೆಗಳು ತಾವಾಗಿ ಮೂಡುತ್ತವೆ. ಕಡ್ಡಿಗಳಿಗೆ ಹೆಸರಾದದ್ದು ಆಲ್ಟೆನಾ, ತಂತಿ ಎಳೆಯುವ ಕಸುಬಿನ ಊರು. ‘ಆಡ್ಡಿ’ ಕಡ್ಡಿಗಳನ್ನು ಮಾಡುವ ಗುಸ್ತಾಫ್ ಸೆಲ್ಟರ್ ಕಂಪನಿ ಅಲ್ಲಿ 1829ರಿಂದ ಇದೆ.

ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಕಾಲುಚೀಲ ಬರೀ ಒಂದು ಕೊಳವೆ. ಯಾರು ಬೇಕಾದರೂ ಹೆಣೆಯಬಹುದು, ಟಿ.ವಿ. ನೋಡುತ್ತಲೂ ಹೆಣೆಯಬಹುದು. ಹಿಮ್ಮಡಿ ಬಂದಾಗ ಟಿ.ವಿ. ಆರಿಸಬೇಕು. ನಲವತ್ತರ ಅಳತೆಯ ಪಾದಕ್ಕೆ 64 ಕುಣಿಕೆ. ಅದರಲ್ಲಿ ಅರ್ಧವನ್ನು, ಎಂದರೆ 32ನ್ನು, ಒಂದು ಕಡ್ಡಿಗೆ ತೆಗೆದುಕೊಂಡು ಉಳಿದವನ್ನು ಸುಮ್ಮನೆ ಬಿಡಬೇಕು. ಈ 32ರ ಮೇಲೆ ಹೋಗಿ ಬಂದು, ಹೋಗಿ ಬಂದು, ಮೂವತ್ತು ಸಾಲು ಹೆಣೆದರೆ ಹಿಮ್ಮಡಿಯ ಹಿಂದೆ ಇಳಿಯುವ ಪಟ್ಟಿ ಸಿದ್ಧ. ಆಮೇಲೆ ಅದೇ 32ನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಬೇಕು: 11, 10, 11. ಹೆಣೆಯುವುದು ನಡುವಿನ ಪಾಲನ್ನು ಮಾತ್ರ. ಪ್ರತಿ ಸಾಲಿನ ಕೊನೆಗೆ ನಡುವಿನ ಕಡೆಯ ಕುಣಿಕೆಯನ್ನೂ ಪಕ್ಕದ ಮೊದಲ ಕುಣಿಕೆಯನ್ನೂ ಒಟ್ಟಿಗೆ ಹೆಣೆದು ತಟ್ಟನೆ ಹಿಂದಕ್ಕೆ ತಿರುಗಬೇಕು. ಪಕ್ಕದ ಪಾಲುಗಳು ಒಂದೊಂದೇ ಕರಗುತ್ತವೆ; ನೋಡನೋಡುತ್ತ ಚಪ್ಪಟೆಯಾಗಿದ್ದ ಪಟ್ಟಿ ಗುಳಿ ಬಿದ್ದು ಬಟ್ಟಲಾಗುತ್ತದೆ. ಕಡ್ಡಿಯಲ್ಲಿ ಹತ್ತು ಉಳಿದಾಗ ಪಟ್ಟಿಯ ಎರಡು ಅಂಚಿನಿಂದ ಹೊಸ ಕುಣಿಕೆ ಎತ್ತಿಕೊಂಡು, ಕಾಯುತ್ತಿದ್ದ ಆ ಉಳಿದರ್ಧದ ಜೊತೆ ಸೇರಿಸಿ, ಮತ್ತೆ ಸುತ್ತು ಹೆಣೆಯುತ್ತಾ ಹೆಚ್ಚಿನವನ್ನು ಇಳಿಸುತ್ತಾ 64ಕ್ಕೆ ಬರಬೇಕು. ಒಂದು ಹೊಲಿಗೆ ಇಲ್ಲ, ಒಂದು ಕತ್ತರಿ ಇಲ್ಲ, ಕೊಳವೆ ಮೂಲೆ ತಿರುಗಿ ಆಯಿತು. ಎಷ್ಟು ಜೊತೆ ಮುಗಿಸಿದರೂ ಈ ತಿರುವಿನ ಮೇಲಿನ ಆಸೆ ನನಗೆ ಇನ್ನೂ ಹೋಗಿಲ್ಲ.

ಸ್ವೆಟರಿನಲ್ಲಿ ಸ್ವಲ್ಪ ಆಚೀಚೆ ಆದರೆ ನಡೆಯುತ್ತದೆ. ಕಾಲುಚೀಲದಲ್ಲಿ ನಡೆಯುವುದಿಲ್ಲ. ಒಂದು ಸುತ್ತು ದೊಡ್ಡದಾದರೆ ಷೂ ಒಳಗೆ ಮುದುಡಿ ಕಚ್ಚುತ್ತದೆ, ಚಿಕ್ಕದಾದರೆ ಬೆರಳು ಚುಚ್ಚಿ ತೂತಾಗುತ್ತದೆ. ಹಾಗಾಗಿ ಯಾರಿಗೆ ಹೆಣೆಯುತ್ತೇವೋ ಅವರ ಪಾದ ಗೊತ್ತಿರಬೇಕು. ಉಂಡೆಯ ಲೇಬಲ್ಲಿನ ಒಳಮೈಯಲ್ಲಿ ಷೂ ನಂಬರಿಗೆ ತಕ್ಕ ಕುಣಿಕೆಗಳ ಪಟ್ಟಿಯೇ ಇರುತ್ತದಾದರೂ, ಮನುಷ್ಯರ ಪಾದ ಪಟ್ಟಿಯ ಪ್ರಕಾರ ಇರುವುದಿಲ್ಲ. ನನ್ನ ಗಂಡನದು ಅಗಲ ಪಾದ, ಮಗಳದು ಮೇಲ್ಪಾದ ಎತ್ತರ, ಮೇಲಿನ ಮನೆಯ ಅಜ್ಜಿಗೆ ಸಂಜೆ ಹೊತ್ತಿಗೆ ಕಾಲು ಬಾತುಕೊಳ್ಳುತ್ತದೆ, ಅವರ ಕಾಲುಚೀಲದ ಕುತ್ತಿಗೆ ಸಡಿಲ ಇರಬೇಕು. ಆಪ್ತರ ಬಗ್ಗೆ ಇಂಥ ಸಂಗತಿ ತಿಳಿದುಕೊಳ್ಳುವುದಕ್ಕೆ ಬೇರೆ ಯಾವ ಹವ್ಯಾಸ ಅನುವು ಮಾಡಿಕೊಡುತ್ತದೆ ಹೇಳಿ. ಟಿ.ವಿ. ಹೊದಿಕೆ ಹೆಣೆಯುವುದಕ್ಕೆ ಟಿ.ವಿ.ಯ ಅಳತೆ ಸಾಕು.

ಇಲ್ಲಿ ಹೆಣಿಗೆಗೆ ಸಂಕೋಚ ಇಲ್ಲ ಎಂಬುದೂ ನನಗೆ ಹಿಡಿಸಿತು. ರೈಲಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ, ಪೋಷಕರ ಸಭೆಯಲ್ಲಿ ಕಡ್ಡಿ ಆಡುತ್ತಲೇ ಇರುತ್ತದೆ. 1983ರ ಮಾರ್ಚಿನಲ್ಲಿ ಗ್ರೀನ್ ಪಕ್ಷದವರು ಮೊದಲ ಬಾರಿಗೆ ಆಗ ಬಾನ್‌ನಲ್ಲಿದ್ದ ಸಂಸತ್ತಿಗೆ ಬಂದಾಗ ಕೈಯಲ್ಲಿ ಗಿಡಗಳನ್ನು ಹಿಡಿದು ಬಂದರು; ಅವರಲ್ಲಿ ಹೆಣೆಯುವವರೂ ಇದ್ದರು, ಆ ಪಕ್ಷದ ಸಮ್ಮೇಳನಗಳಲ್ಲಿ ಗಡ್ಡ ಬಿಟ್ಟ ಗಂಡಸರೂ ಹೆಣೆಯುತ್ತ ಕೂತ ಚಿತ್ರಗಳು ಈಗಲೂ ಪತ್ರಿಕೆಗಳಲ್ಲಿ ಬರುತ್ತಿರುತ್ತವೆ. ಟೈ ಕಟ್ಟಿದ ಹಿರಿಯ ಸದಸ್ಯರಿಗೆ ಇದು ರೇಗಿಸುವ ವಿಷಯವಾಗಿತ್ತು, ಇವರಿಗೆ ಬೇಕಾಗಿದ್ದದ್ದೂ ಅದೇ.

ಇನ್ನೊಂದು ಕಥೆ ನನಗೆ ಇನ್ನೂ ಇಷ್ಟ. ಮ್ಯೂನಿಕ್ಕಿನ ಬಳಿಯ ಒಬ್ಬ ಮಹಿಳೆ 2018ರಲ್ಲಿ ದಿನಕ್ಕೆ ಎರಡು ಸಾಲಿನಂತೆ ಒಂದು ಮಫ್ಲರ್ ಹೆಣೆದರು. ಅವರ ರೈಲು ಐದು ನಿಮಿಷದೊಳಗೆ ತಡವಾದರೆ ಬೂದು ಬಣ್ಣ, ಅರ್ಧ ಗಂಟೆಯೊಳಗಿದ್ದರೆ ಗುಲಾಬಿ, ಅದಕ್ಕೂ ಮೀರಿದರೆ ಕೆಂಪು. ವರ್ಷದ ಕೊನೆಗೆ ಮಫ್ಲರಿನ ತುಂಬ ಗುಲಾಬಿ ಕೆಂಪುಗಳು. ಅದರ ಚಿತ್ರವನ್ನು ಅವರ ಮಗಳು ಹಂಚಿಕೊಂಡಳು, ದೇಶವೇ ನಕ್ಕಿತು, 2019ರ ಜನವರಿಯಲ್ಲಿ ಹರಾಜು ಹಾಕಿದಾಗ 7,550 ಯೂರೋ ಬಂತು. ಹಣ ರೈಲು ನಿಲ್ದಾಣಗಳಲ್ಲಿ ನಿರ್ಗತಿಕರಿಗೆ ನೆರವಾಗುವ ಬಾನ್‌ಹೋಫ್ಸ್‌ಮಿಷನ್ ಸಂಸ್ಥೆಗೆ ಹೋಯಿತು. ರೈಲ್ವೆಗೆ ದೂರಿನ ಪತ್ರ ಬರೆದಿದ್ದರೆ ಯಾರು ಓದುತ್ತಿದ್ದರು?

ಹೆಣಿಗೆ ಇಲ್ಲಿ ಎಷ್ಟು ಹಳೆಯದು ಎಂದು ತಿಳಿಯಬೇಕಾದರೆ, ಹಾಂಬುರ್ಗಿನ ಕಲಾ ಸಂಗ್ರಹಾಲಯಕ್ಕೆ ಹೋದವರು ಬುಕ್ಸ್ಟೆಹೂಡೆ ಬಲಿಪೀಠದ ಚಿತ್ರಫಲಕಗಳನ್ನು ತಪ್ಪದೆ ನೋಡಿ. ಮಾಸ್ಟರ್ ಬೆರ್ಟ್ರಾಮ್ ಎಂಬ ಕಲಾವಿದನ ಹೆಸರಿನಲ್ಲಿರುವ, ಸುಮಾರು 1400ರ ಹೊತ್ತಿನ ಕೆಲಸ. ಅದರ ಒಂದು ಫಲಕದಲ್ಲಿ ಮೇರಿ ಮಾತೆ ಕೂತು ಪುಟ್ಟ ಅಂಗಿಯೊಂದರ ಕುತ್ತಿಗೆಯನ್ನು ಹೆಣೆಯುತ್ತಿದ್ದಾಳೆ, ನಮ್ಮ ಕಾಲುಚೀಲದ ಹಾಗೇ, ಸುತ್ತ ಕಡ್ಡಿ ಹಾಕಿ. ದೇವದೂತರು ಶಿಲುಬೆ ಮೊಳೆಗಳನ್ನು ಹೊತ್ತು ಬಂದು ನಿಂತಿದ್ದಾರೆ. ಮಗು ಅವರ ಕಡೆ ತಿರುಗಿದೆ. ತಾಯಿಯ ಕೈ ಮಾತ್ರ ಕಡ್ಡಿ ಬಿಟ್ಟಿಲ್ಲ.

ದುಡ್ಡಿನ ಮಾತು ಬಂದೇ ಬರುತ್ತದೆ, ಅದರಲ್ಲೂ ಊರಿಂದ ಬಂದ ನೆಂಟರಿಗೆ. ‘ಇದನ್ನೆಲ್ಲ ಮಾರಬಾರದಾ?’ ಮಾರಬಹುದೇ, ಲೆಕ್ಕ ಹಾಕೋಣ. ಕೈ ಪಳಗಿದವರಿಗೂ ಒಂದು ಜೊತೆಗೆ ಹದಿನೈದು ಗಂಟೆಯಾದರೂ ಬೇಕು. 2025ರಲ್ಲಿ ಇಲ್ಲಿನ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ನೂಲಿನ ಬೆಲೆ ಬಿಟ್ಟು ಬರೀ ಕೂಲಿಯೇ 192 ಯೂರೋ ಆಯಿತು. ಕ್ರಿಸ್‌ಮಸ್ ಸಂತೆಯಲ್ಲಿ ಅದರ ಕಾಲುಭಾಗ ಕೇಳಿದರೂ ಜನ ಮುಟ್ಟಿ ನೋಡಿ ಮುಂದೆ ಹೋಗುತ್ತಾರೆ, ಅವರದೇನೂ ತಪ್ಪಿಲ್ಲ. ಮಾರುವ ಯೋಚನೆ ಬಂದ ಕೂಡಲೇ ಕೈ ಬೆಲೆ ಕಟ್ಟಲು ಕೂರುತ್ತದೆ, ಹಿಮ್ಮಡಿಯ ತಿರುವಿನ ಮೇಲಿನ ಪ್ರೀತಿ ಹೋಗಿ ಅದೂ ಒಂದು ನೌಕರಿಯಾಗುತ್ತದೆ. ಹೆಣೆದು ಬದುಕುವವರನ್ನು ನಾನು ಗೌರವಿಸುತ್ತೇನೆ, ನನಗೆ ಅದು ಬೇಡ.

ಹೆಣೆಯಲು ಶುರು ಮಾಡಿದ ಮೇಲೆ ಕುರಿಗಳ ಮೇಲೂ ಕಣ್ಣು ಬಿತ್ತು. ಆಲ್ಬ್ ಬೆಟ್ಟದ ಹುಲ್ಲುಗಾವಲುಗಳಲ್ಲಿ ಈಗಲೂ ಮಂದೆ ಅಟ್ಟಿಕೊಂಡು ಹೋಗುವ ಕುರುಬರಿದ್ದಾರೆ. 1786ರಲ್ಲಿ ವ್ಯುರ್ಟೆಂಬೆರ್ಗಿನ ದೊರೆ ಕಾರ್ಲ್ ಆಯ್ಗೆನ್ ಮೆರಿನೋ ಕುರಿಗಳನ್ನು ತರಿಸಿದ. ಅವು ಇಲ್ಲಿನ ಕುರಿಗಳೊಂದಿಗೆ ಬೆರೆತು ಬಂದ ತಳಿಯೇ ಇಂದಿನ ಮೆರಿನೋ ಲಾಂಡ್‌ಷಾಫ್. ಇಷ್ಟು ಒಳ್ಳೆಯ ಉಣ್ಣೆ ಇದ್ದೂ ಕುರುಬರ ಕೈಗೆ ಅದರಿಂದ ಏನೂ ಬರುವುದಿಲ್ಲ, ಉಣ್ಣೆಯ ಬೆಲೆಗಿಂತ ಕತ್ತರಿಸುವ ಕೂಲಿಯೇ ಹೆಚ್ಚು. ಚಳ್ಳಕೆರೆ ಕಡೆಯ ಕಂಬಳಿ ನೇಕಾರರ ಪಾಡು ಕೇಳಿದವರಿಗೆ ಇದು ಹೊಸದಾಗಿ ಕೇಳಿಸದು. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು, ಮೈಗೆ ತಾಗುವ ಹೆಣಿಗೆಗೆ ಒಗ್ಗುವುದಿಲ್ಲ. ಹುಣಸೆಬೀಜದ ಗಂಜಿ ಹಾಕಿ ನೇಯ್ದ ಕಂಬಳಿಗೆ ಮಾತ್ರ ಅದರ ಸಮ ಇನ್ನೊಂದಿಲ್ಲ. ಸಿಕ್ಕಾಗಲೆಲ್ಲ ಆಲ್ಬ್ ಬೆಟ್ಟದ ಉಣ್ಣೆಯನ್ನೇ ಕೊಳ್ಳುವುದು ಈಗ ನನ್ನ ರೂಢಿ, ಸ್ವಲ್ಪ ದುಬಾರಿಯಾದರೂ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಇದನ್ನು ಓದುವವರು ‘ನಮ್ಮ ಸೆಕೆಗೆ ಉಣ್ಣೆಯ ಕಾಲುಚೀಲ ಯಾಕೆ’ ಎಂದಾರು. ಬೇಡವೇ ಬೇಡ. ಹತ್ತಿಯ ನೂಲು ತೆಗೆದುಕೊಳ್ಳಿ, ಬಿದಿರಿನ ಕಡ್ಡಿ ತೆಗೆದುಕೊಳ್ಳಿ. ಹೊಸಬರ ಕೈಯಲ್ಲಿ ಉಕ್ಕಿನ ಕಡ್ಡಿಯಿಂದ ಕುಣಿಕೆ ಜಾರುವಷ್ಟು ಬಿದಿರಿನಿಂದ ಜಾರುವುದಿಲ್ಲ. ತಿಳಿ ಬಣ್ಣ ಆರಿಸಿ, ಕಪ್ಪು ನೂಲಿನಲ್ಲಿ ಕುಣಿಕೆ ಕಾಣದೆ ಕಣ್ಣು ನೋಯುತ್ತದೆ. ಮೊದಲಿಗೆ ಪಾತ್ರೆ ಹಿಡಿಯುವ ಬಟ್ಟೆ ಮಾಡಿ, ಆಮೇಲೆ ಪರಿಚಯದ ಮಗುವಿಗೊಂದು ಕುಲಾವಿ. ಷೋಕೇಸಿಗೆ ಏನೂ ಮಾಡಬೇಡಿ.

ಹಾಗೆಯೇ ನಿಮಗೆ ಯಾರಾದರೂ ಕೈಯಲ್ಲಿ ಹೆಣೆದದ್ದನ್ನು ಕೊಟ್ಟರೆ, ದಯವಿಟ್ಟು ಬೀರುವಿನಲ್ಲಿ ಇಡಬೇಡಿ. ಹಾಕಿಕೊಳ್ಳಿ, ಒಗೆಯಿರಿ, ಮತ್ತೆ ಹಾಕಿಕೊಳ್ಳಿ. ತೂತು ಬಿದ್ದರೆ ಹೆಣೆದವರಿಗೆ ಹೇಳಿ, ಸಂತೋಷದಿಂದ ಸರಿ ಮಾಡಿಕೊಡುತ್ತಾರೆ.